ಸ್ಟ್ರಾಂಗ್ ಮೊದಲೋ ಆ್ಯಕ್ಸ್ಲರ್ ಮೊದಲೋ? ರಾಸ್ ಸಾಕೋ ಬ್ಲಿಟ್ಜ್‌ಸ್ಟೈನ್ ಬೇಕೋ?

ಗೇಟ್ ಪರೀಕ್ಷೆಗೆ 2024ರಲ್ಲಿ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆ ಸೇರಿದ ಮೇಲೆ ಜೂನಿಯರ್‌ಗಳು ಕೇಳುವ ಪ್ರಶ್ನೆ ಒಂದೇ: ಲೀನಿಯರ್ ಆಲ್ಜೀಬ್ರಾಕ್ಕೆ ಯಾವ ಪುಸ್ತಕ, ಪ್ರಾಬಬಿಲಿಟಿಗೆ ಯಾವ ಪುಸ್ತಕ? ಬಿಎಸ್ಸಿ ಮುಗಿಸಿದವರೂ ಕೇಳುತ್ತಾರೆ, ಎಂಜಿನಿಯರಿಂಗ್‌ನ ಗಣಿತದ ಪೇಪರ್‌ಗಳನ್ನು ಹೇಗೋ ದಾಟಿ ಈಗ ಮಷೀನ್ ಲರ್ನಿಂಗ್ ಕಡೆ ಹೊರಟವರೂ ಕೇಳುತ್ತಾರೆ. ನಾನು ಪೆನ್ನು ಹಿಡಿದು ಲೆಕ್ಕ ಮಾಡುತ್ತಾ ಓದಿದವುಗಳನ್ನು ಮಾತ್ರ ಇಲ್ಲಿ ಎದುರುಬದುರು ಇಡುತ್ತೇನೆ.

ಮೊದಲು ಗಿಲ್ಬರ್ಟ್ ಸ್ಟ್ರಾಂಗ್. ಎಂಐಟಿಯಲ್ಲಿ 1999ರಲ್ಲಿ ಚಿತ್ರೀಕರಿಸಿದ ಅವರ 18.06 ಎಂಬ ಲೀನಿಯರ್ ಆಲ್ಜೀಬ್ರಾ ಕೋರ್ಸಿನ ಪಾಠಗಳು ಇವತ್ತಿಗೂ ಉಚಿತವಾಗಿ ಸಿಗುತ್ತವೆ. ಬೋರ್ಡು, ಚಾಕ್‌ಪೀಸು, ಅಷ್ಟೇ. ಮೊದಲ ತರಗತಿಯಲ್ಲೇ ಅವರು ಎರಡು ಸಮೀಕರಣಗಳನ್ನು ಬರೆದು ಎರಡು ರೀತಿಯಲ್ಲಿ ನೋಡಿಸುತ್ತಾರೆ. ಎರಡು ಗೆರೆಗಳು ಎಲ್ಲಿ ಕೂಡುತ್ತವೆ ಎನ್ನುವುದು ನಮಗೆ ಹೈಸ್ಕೂಲಿನಿಂದ ಗೊತ್ತಿರುವ ರೀತಿ. ಅವರ ರೀತಿ ಬೇರೆ: (2, −1) ಮತ್ತು (−1, 2) ಎಂಬ ಎರಡು ಕಾಲಂಗಳನ್ನು ಎಷ್ಟೆಷ್ಟು ಬೆರೆಸಿದರೆ (0, 3) ಬರುತ್ತದೆ? ಮೊದಲನೆಯದು ಒಂದು ಪಾಲು, ಎರಡನೆಯದು ಎರಡು ಪಾಲು. ನಾಲ್ಕು ಅಜ್ಞಾತಗಳು ಬಂದ ಕೂಡಲೇ ಗೆರೆಗಳ ಚಿತ್ರ ಕೈಕೊಡುತ್ತದೆ, ಕಾಲಂಗಳ ಚಿತ್ರ ಕೊಡುವುದಿಲ್ಲ. ರ್‍ಯಾಂಕ್, ನಲ್ ಸ್ಪೇಸ್ (ಮ್ಯಾಟ್ರಿಕ್ಸ್ ಸೊನ್ನೆಗೆ ಒಯ್ಯುವ ವೆಕ್ಟರ್‌ಗಳು), ಲೀಸ್ಟ್ ಸ್ಕ್ವೇರ್ಸ್ ಎಲ್ಲವೂ ಇದೇ ಒಂದು ನೋಟದಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಡಿಗ್ರಿಯಲ್ಲಿ ನಮಗೆ ರ್‍ಯಾಂಕ್ ಎಂದರೆ ಎಷೆಲಾನ್ ರೂಪಕ್ಕೆ ತಂದು ಸೊನ್ನೆಯಲ್ಲದ ಸಾಲುಗಳನ್ನು ಎಣಿಸುವುದು, ಅಲ್ಲಿಗೆ ಐದು ಅಂಕ. ಅದು ಯಾತಕ್ಕೆ ಬೇಕು ಎಂದು ತಿಳಿದದ್ದು ಸ್ಟ್ರಾಂಗ್ ಅವರಿಂದ.

ಕೊರತೆಯೂ ಇದೆ. ಅವರು ಪ್ರಮೇಯಗಳ ಸಾಧನೆಗಳನ್ನು (ಪ್ರೂಫ್‌ಗಳನ್ನು) ಮಾತಿನಲ್ಲೇ ತೇಲಿಸಿಬಿಡುತ್ತಾರೆ. ‘ಎರಡು ಸಲ ಪ್ರಯೋಗಿಸಿದರೂ ಒಂದು ಸಲ ಪ್ರಯೋಗಿಸಿದಷ್ಟೇ ಫಲ ಕೊಡುವ ಆಪರೇಟರ್ ಇದ್ದರೆ, ಇಡೀ ಸ್ಪೇಸ್ ಅದರ ನಲ್ ಸ್ಪೇಸ್ ಮತ್ತು ರೇಂಜ್‌ಗಳ ಡೈರೆಕ್ಟ್ ಸಮ್ ಎಂದು ಸಾಧಿಸಿ’ ಎಂಬಂಥ ಪ್ರಶ್ನೆ ಎದುರಾದಾಗ, ಬರೀ ಈ ವಿಡಿಯೋಗಳನ್ನು ನೋಡಿದವರ ಪೆನ್ನು ಮುಂದೆ ಓಡುವುದಿಲ್ಲ.

ಅಲ್ಲಿ ಶೆಲ್ಡನ್ ಆ್ಯಕ್ಸ್ಲರ್ ಬೇಕು. 1995ರಲ್ಲಿ ಮೊದಲು ಬಂದ ಅವರ ಪುಸ್ತಕದ ನಾಲ್ಕನೇ ಆವೃತ್ತಿಯ ಪಿಡಿಎಫ್ ಉಚಿತ, ಕದ್ದದ್ದಲ್ಲ, ಅವರೇ ಕೊಟ್ಟದ್ದು. ಡಿಟರ್ಮಿನೆಂಟನ್ನು ಅವರು ಕೊನೆಯ ಅಧ್ಯಾಯಕ್ಕೆ ತಳ್ಳಿದ್ದಾರೆ. ಹಾಗಾದರೆ ಐಗನ್ ವ್ಯಾಲ್ಯೂ (ಆಪರೇಟರ್ ಸೊನ್ನೆಯಲ್ಲದ ಒಂದು ವೆಕ್ಟರನ್ನು ಅದರದೇ ಗುಣಿತವಾಗಿ ಬದಲಿಸಿದಾಗ ಬರುವ ಗುಣಕ) ಇದ್ದೇ ಇರುತ್ತದೆ ಎಂದು ಸಾಧಿಸುವುದು ಹೇಗೆ? ಕಾಂಪ್ಲೆಕ್ಸ್ ಸಂಖ್ಯೆಗಳ ಮೇಲಿನ, ಆಯಾಮ 5 ಇರುವ ಸ್ಪೇಸ್ ಎಂದಿಟ್ಟುಕೊಳ್ಳಿ. ಸೊನ್ನೆಯಲ್ಲದ ಒಂದು ವೆಕ್ಟರ್ ತಗೊಂಡು ಅದರ ಮೇಲೆ ಆಪರೇಟರನ್ನು ಒಂದು ಸಲ, ಎರಡು ಸಲ, ಹೀಗೆ ಐದು ಸಲದವರೆಗೆ ಪ್ರಯೋಗಿಸಿ. ಮೂಲ ವೆಕ್ಟರೂ ಸೇರಿ ಆರಾಯಿತು. ಐದು ಆಯಾಮದಲ್ಲಿ ಆರು ವೆಕ್ಟರ್‌ಗಳು ಸ್ವತಂತ್ರವಾಗಿ ಇರಲಾರವು. ಅಂದರೆ ಆಪರೇಟರಿನ ಒಂದು ಪಾಲಿನಾಮಿಯಲ್ ಆ ವೆಕ್ಟರನ್ನು ಸೊನ್ನೆ ಮಾಡುತ್ತದೆ. ಆ ಪಾಲಿನಾಮಿಯಲನ್ನು ಒಂದನೇ ಡಿಗ್ರಿಯ ಅಪವರ್ತನಗಳಾಗಿ ಒಡೆಯಿರಿ. ಅವುಗಳಲ್ಲಿ ಒಂದಾದರೂ ಯಾವುದೋ ಸೊನ್ನೆಯಲ್ಲದ ವೆಕ್ಟರನ್ನು ಸೊನ್ನೆಗೆ ಒಯ್ಯಲೇಬೇಕು. ಸಿಕ್ಕಿತು ಐಗನ್ ವ್ಯಾಲ್ಯೂ! ಸ್ಟ್ರಾಂಗ್ ದಾರಿಯಲ್ಲಾದರೆ ಡಿಟರ್ಮಿನೆಂಟನ್ನು ಸೊನ್ನೆಗೆ ಸಮ ಮಾಡಿ ಬೇರುಗಳನ್ನು ಹುಡುಕುತ್ತೀರಿ. ಉತ್ತರ ಬರುತ್ತದೆ, ಯಾಕೆ ಬಂತು ಎನ್ನುವುದು ಡಿಟರ್ಮಿನೆಂಟಿನ ಹಿಂದೆ ಅಡಗಿರುತ್ತದೆ.

ಆದರೆ ಪರೀಕ್ಷೆಯ ಹಾಲ್‌ನಲ್ಲಿ ಮೂರಕ್ಕೆ ಮೂರರ ಮ್ಯಾಟ್ರಿಕ್ಸ್ ಕೊಟ್ಟು ಐಗನ್ ವ್ಯಾಲ್ಯೂ ಕೇಳಿದರೆ ಆ್ಯಕ್ಸ್ಲರ್ ನಿಮ್ಮ ಕೈ ಹಿಡಿಯುವುದಿಲ್ಲ. ಅಲ್ಲಿ ಬೇಕಾದದ್ದು ಡಿಟರ್ಮಿನೆಂಟೇ, ಟ್ರೇಸೇ. ಹಾಗಾಗಿ ನನ್ನ ಮತ ಸ್ಪಷ್ಟ: ಮೊದಲು ಸ್ಟ್ರಾಂಗ್, ಆಮೇಲೆ ಆ್ಯಕ್ಸ್ಲರ್. ತಿರುಗಿಸಿ ಓದಿದವರು ಬೇಸಿಸ್‌ನ ವ್ಯಾಖ್ಯೆಯನ್ನು ಚಾಚೂ ತಪ್ಪದೆ ಒಪ್ಪಿಸಿ, ಒಂದು ಮ್ಯಾಟ್ರಿಕ್ಸಿನ ನಲ್ ಸ್ಪೇಸ್‌ಗೆ ಬೇಸಿಸ್ ಹುಡುಕಿ ಎಂದರೆ ತಡವರಿಸುವುದನ್ನು ನೋಡಿದ್ದೇನೆ.

ಹಾಫ್‌ಮನ್ ಮತ್ತು ಕುಂಝೆ ಅವರ ಲೀನಿಯರ್ ಆಲ್ಜೀಬ್ರಾ ಪುಸ್ತಕ ಹಳೆಯ ಎಂಎಸ್ಸಿ ಮೇಷ್ಟ್ರುಗಳ ಮೆಚ್ಚಿನದು. ಮಿನಿಮಲ್ ಪಾಲಿನಾಮಿಯಲ್, ಜಾರ್ಡನ್ ರೂಪ, ಯಾವುದೇ ಫೀಲ್ಡಿನ ಮೇಲೂ ನಿಲ್ಲುವ ವಾದಗಳು ಬೇಕಾದ ನೆಟ್ ಅಭ್ಯರ್ಥಿಗಳು ಇದನ್ನು ಬಿಡುವಂತಿಲ್ಲ. ಡೇಟಾ ಸೈನ್ಸಿನವರು ಧಾರಾಳವಾಗಿ ಬಿಡಬಹುದು. ಥ್ರೀ ಬ್ಲೂ ಒನ್ ಬ್ರೌನ್ ಎಂಬ ಯೂಟ್ಯೂಬ್ ಚಾನೆಲ್‌ನ ಅನಿಮೇಷನ್‌ಗಳು ಬಲು ಚಂದ, ಆದರೆ ಅವನ್ನು ನೋಡಿದ ಮೇಲೆ ಎಲ್ಲ ಗೊತ್ತಾಯಿತು ಎಂಬ ಭ್ರಮೆಯೂ ಅಷ್ಟೇ ಚಂದ. ಎನ್‌ಪಿಟಿಇಎಲ್‌ನ ಐಐಟಿ ಪಾಠಗಳ ನಿಜವಾದ ಲಾಭ ವಾರವಾರದ ಅಸೈನ್‌ಮೆಂಟು. ಗಡುವಿಲ್ಲದೆ ಪುಸ್ತಕ ತೆರೆಯದ ನನ್ನಂಥವರಿಗೆ ಅದೇ ಮದ್ದು.

ಪ್ರಾಬಬಿಲಿಟಿಯ ಕಥೆಯೇ ಬೇರೆ. ಇಲ್ಲಿ ಒಂದು ಒಳ್ಳೆಯ ನೋಟ ಸಿಕ್ಕಿದರೆ ಸಾಲದು, ರಾಶಿ ಲೆಕ್ಕ ಮಾಡಬೇಕು. ಶೆಲ್ಡನ್ ರಾಸ್ ಅವರ ಪುಸ್ತಕ 1976ರಿಂದಲೂ ಈ ಕೆಲಸ ಮಾಡುತ್ತಿದೆ. ಪ್ರತಿ ಅಧ್ಯಾಯದ ಕೊನೆಗೂ ಲೆಕ್ಕಗಳು, ಥಿಯರಿ ಅಭ್ಯಾಸಗಳು, ಮೇಲೆ ಉತ್ತರಸಹಿತ ಸೆಲ್ಫ್ ಟೆಸ್ಟ್. ವಿವರಣೆ ಮಾತ್ರ ಒಣ ಒಣ. ಹಾರ್ವರ್ಡ್‌ನ ಸ್ಟ್ಯಾಟ್ 110 ಪಾಠ ಮಾಡುವ ಜೋ ಬ್ಲಿಟ್ಜ್‌ಸ್ಟೈನ್ ಇದಕ್ಕೆ ತದ್ವಿರುದ್ಧ. ಜೆಸ್ಸಿಕಾ ಹ್ವಾಂಗ್ ಜೊತೆ ಬರೆದ ಅವರ ಪುಸ್ತಕ ಮಾತಾಡುತ್ತದೆ, ಕೆಲವು ಕಡೆ ಸ್ವಲ್ಪ ಜಾಸ್ತಿಯೇ. ಎರಡನೇ ಆವೃತ್ತಿಯನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಓದಬಹುದು.

ಇಬ್ಬರಲ್ಲೂ ಇರುವ ಒಂದು ಹಳೆಯ ಲೆಕ್ಕ ತಗೊಳ್ಳೋಣ. ಮೂಲದಲ್ಲಿ ಟೋಪಿ, ನಮಗೆ ಚಪ್ಪಲಿ ಇರಲಿ: ಛತ್ರದ ಬಾಗಿಲಲ್ಲಿ ನೂರು ಜನ ಚಪ್ಪಲಿ ಬಿಟ್ಟು, ಹೊರಡುವಾಗ ಕಣ್ಣುಮುಚ್ಚಿ ಒಂದೊಂದು ಜೊತೆ ಮೆಟ್ಟಿಕೊಂಡು ಹೋದರು. ಯಾರಿಗೂ ತಮ್ಮದು ಸಿಗದಿರುವ ಸಂಭವನೀಯತೆ ಎಷ್ಟು? ಕೂಡಿ ಕಳೆದು ಮಾಡಿದರೆ ಸುಮಾರು 0.368. ಸರಾಸರಿ ಎಷ್ಟು ಜನರಿಗೆ ತಮ್ಮದೇ ಸಿಗುತ್ತದೆ? ಒಬ್ಬೊಬ್ಬರಿಗೂ ನೂರರಲ್ಲಿ ಒಂದು ಪಾಲು, ನೂರು ಜನ, ಉತ್ತರ ಒಂದು. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರ ಅವಕಾಶವನ್ನು ಬದಲಿಸಿದರೂ ಸರಾಸರಿಗಳನ್ನು ಕೂಡಿಸಲು ಅಡ್ಡಿಯಿಲ್ಲ. ಈ ಎರಡನೇ ಯುಕ್ತಿಯನ್ನು ಬ್ಲಿಟ್ಜ್‌ಸ್ಟೈನ್ ನಾಲ್ಕನೇ ಅಧ್ಯಾಯದಲ್ಲೇ ಕೈಗೆ ಕೊಟ್ಟು ಮುಂದೆ ಹೆಜ್ಜೆಹೆಜ್ಜೆಗೂ ಬಳಸಿಸುತ್ತಾರೆ. ರಾಸ್ ಅದರ ಪೂರ್ತಿ ಬಲ ತೋರಿಸುವುದು ಏಳನೇ ಅಧ್ಯಾಯದಲ್ಲಿ, ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿಯುತ್ತಾ ಬಂದಿರುತ್ತದೆ. ಅರ್ಥವಾಗಲು ಬ್ಲಿಟ್ಜ್‌ಸ್ಟೈನ್, ಕೈ ಪಳಗಲು ರಾಸ್. ಒಂದೇ ಕೊಳ್ಳುವುದಾದರೆ ರಾಸ್ ಕೊಳ್ಳಿ, ಇನ್ನೊಂದು ಹೇಗೂ ಪುಕ್ಕಟೆ.

ವಿಲಿಯಂ ಫೆಲ್ಲರ್ ಅವರ ಪ್ರಾಬಬಿಲಿಟಿ ಪುಸ್ತಕದ ಮೊದಲ ಸಂಪುಟ 1950ರದ್ದು, ಸಿಲಬಸ್ಸಿಗೆ ಹೊಂದುವುದಿಲ್ಲ. ಆದರೂ ನಾಣ್ಯ ಚಿಮ್ಮುವ ಅಧ್ಯಾಯವನ್ನು ಮಾತ್ರ ಓದಿ. ಇಬ್ಬರು 20 ಸಲ ನಾಣ್ಯ ಚಿಮ್ಮಿ ಆಡಿದರೆ ಮುನ್ನಡೆ ಇಬ್ಬರಿಗೂ ಸರಿಸಮ ಹೊತ್ತು ಹಂಚಿಹೋಗುತ್ತದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೆ ಆಗುವ ಸಂಭವ ಶೇ. 6ರಷ್ಟು ಮಾತ್ರ. ಮೊದಲಿಂದ ಕೊನೆಯವರೆಗೂ ಒಬ್ಬನೇ ಹಿಂದೆ ಬೀಳದೆ ಉಳಿಯುವ ಸಂಭವ ಶೇ. 35. ಕ್ರಿಕೆಟ್ ಕಾಮೆಂಟರಿ ಹೇಳುವವರು ಇದನ್ನು ಓದಬೇಕಿತ್ತು.

ಎರಡೂ ವಿಷಯಗಳು ಒಂದಾಗುವುದು ಮಾರ್ಕೋವ್ ಚೈನ್‌ನಲ್ಲಿ, ಅಂದರೆ ಮುಂದಿನ ಹೆಜ್ಜೆಯ ಸಂಭವ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸಿರುವ ಸರಣಿಯಲ್ಲಿ. ಸ್ಟೇಷನರಿ ಡಿಸ್ಟ್ರಿಬ್ಯೂಷನ್ (ಹೆಜ್ಜೆ ಇಟ್ಟ ಮೇಲೂ ಬದಲಾಗದ ಹಂಚಿಕೆ) ಎಂದರೆ ಐಗನ್ ವ್ಯಾಲ್ಯೂ 1ಕ್ಕೆ ಸೇರಿದ ಐಗನ್ ವೆಕ್ಟರ್. ಸ್ಟ್ರಾಂಗ್‌ನಲ್ಲೂ ಇದೆ, ಬ್ಲಿಟ್ಜ್‌ಸ್ಟೈನ್‌ನಲ್ಲೂ ಇದೆ, ಆದರೆ ಒಂದು ತೊಡಕು: ಸ್ಟ್ರಾಂಗ್‌ನ ಮ್ಯಾಟ್ರಿಕ್ಸಿನಲ್ಲಿ ಕಾಲಂಗಳ ಮೊತ್ತ 1, ಬ್ಲಿಟ್ಜ್‌ಸ್ಟೈನ್‌ನದರಲ್ಲಿ ಸಾಲುಗಳ ಮೊತ್ತ 1. ಒಂದರಲ್ಲಿ ವೆಕ್ಟರ್ ಬಲಕ್ಕೆ ನಿಲ್ಲುತ್ತದೆ, ಇನ್ನೊಂದರಲ್ಲಿ ಎಡಕ್ಕೆ. ಇಬ್ಬರನ್ನೂ ಒಟ್ಟಿಗೆ ಓದುವವರು ಲೆಕ್ಕಕ್ಕೆ ಕೈಹಾಕುವ ಮುಂಚೆ ಸಾಲು ಕೂಡಿಸಿ ನೋಡಿ, ಕಾಲಂ ಕೂಡಿಸಿ ನೋಡಿ. ಅರ್ಧ ನಿಮಿಷದ ಕೆಲಸ, ಎರಡು ಅಂಕ ಉಳಿಯುತ್ತದೆ.