ಕಂಬವಿಲ್ಲದ ಬಯಲಲ್ಲಿ ಡೆಸ್ಕ್‌ಟಾಪ್: ನಮ್ಮ ಆರ್‌ವಿಯ ಸೋಲಾರ್ ವ್ಯವಸ್ಥೆ, ಹದಿನೇಳು ತಿಂಗಳ ಬಳಕೆಯ ನಂತರ

ನನ್ನದು ಕಟ್ಟಡಗಳ ತ್ರೀಡಿ ರೆಂಡರಿಂಗ್, ಅಂದರೆ ಕಂಪ್ಯೂಟರ್ ಮಾದರಿಯಿಂದ ನಿಜದಂಥ ಚಿತ್ರ ತೆಗೆಯುವ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿದ್ದೇನೆ. ಅರ್ಧ ಗಂಟೆಯೊಳಗೆ ಕಾದ ಹೆಂಚಿನಂತಾಗಿ ವೇಗ ಇಳಿದುಬಿಡುತ್ತದೆ. ಹಾಗಾಗಿ 2023ರ ನವೆಂಬರ್‌ನಲ್ಲಿ ಅಮೆರಿಕದ ಫ್ರೀಮಾಂಟ್‌ನ ಬಾಡಿಗೆ ಮನೆ ಬಿಟ್ಟು ನಾನೂ ನನ್ನ ಗಂಡನೂ 24 ಅಡಿಯ ಹಳೆಯ ಮೋಟರ್‌ಹೋಮ್ (ಮನೆಯಂತೆ ವಾಸಿಸಬಹುದಾದ ಗಾಡಿ, ಇದೇ ಆರ್‌ವಿ) ಹತ್ತಿದಾಗ ಡೆಸ್ಕ್‌ಟಾಪ್ ಕೂಡ ಜೊತೆಗೆ ಬಂತು. ದುಡ್ಡು ಕೊಟ್ಟು ಪ್ಲಗ್ ಹಾಕಿಕೊಳ್ಳುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಏನೂ ತಲೆನೋವಿಲ್ಲ. ಆದರೆ ನಾವು ಹೆಚ್ಚಾಗಿ ಇರುವುದು ಬಿಎಲ್‌ಎಂ, ಅಂದರೆ ಅಮೆರಿಕ ಸರ್ಕಾರದ ಭೂನಿರ್ವಹಣಾ ಇಲಾಖೆಯ ಬಯಲುಗಳಲ್ಲಿ. ಅಲ್ಲಿ ಕರೆಂಟ್ ಕಂಬವಿಲ್ಲ, ನಲ್ಲಿಯಿಲ್ಲ. ಸಾಮಾನ್ಯವಾಗಿ ಒಂದು ಜಾಗದಲ್ಲಿ 28 ದಿನಕ್ಕೆ 14 ದಿನ ಉಚಿತವಾಗಿ ಇರಬಹುದು. ಅರಿಜೋನಾದ ಕ್ವಾರ್ಟ್ಸೈಟ್ ಬಳಿಯ ಲಾ ಪೋಸಾದಂಥ ದೀರ್ಘಾವಧಿ ತಾಣದಲ್ಲಾದರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೂ ಇರಬಹುದು. ನಾವು ಅದಕ್ಕೆ ಕೊಟ್ಟದ್ದು 180 ಡಾಲರ್.

ನಾವೇ ಕೂತು ಜೋಡಿಸಿದ ಇಡೀ ವಿದ್ಯುತ್ ವ್ಯವಸ್ಥೆಯ ವಿಮರ್ಶೆ ಇದು. 12.8 ವೋಲ್ಟ್, 200 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಚಾವಣಿ ಮೇಲೆ 200 ವ್ಯಾಟ್‌ನ ಮೂರು ಪ್ಯಾನೆಲ್, ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಹೊಂದಿಸುವ 50 ಆಂಪಿಯರ್‌ನ ಎಂಪಿಪಿಟಿ ಚಾರ್ಜ್ ಕಂಟ್ರೋಲರ್, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂಥ ನಯವಾದ ಅಲೆಯಾಗಿಸುವ 2000 ವ್ಯಾಟ್‌ನ ಪ್ಯೂರ್ ಸೈನ್ ವೇವ್ ಇನ್ವರ್ಟರ್, ಗಾಡಿ ಓಡುವಾಗ ಚಾರ್ಜ್ ಆಗಲು 40 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್. ವೈರು, ಫ್ಯೂಸು, ಬಸ್‌ಬಾರ್ (ವೈರುಗಳೆಲ್ಲ ಬಂದು ಸೇರುವ ಲೋಹದ ಪಟ್ಟಿ) ಎಲ್ಲ ಸೇರಿ ಸುಮಾರು 3,400 ಡಾಲರ್ ಆಯಿತು.

ಇದಕ್ಕೆ ಮೊದಲು ಗಾಡಿಯ ಜೊತೆಗೇ ಬಂದಿದ್ದ ಎರಡು ಲೆಡ್-ಆಸಿಡ್ ಬ್ಯಾಟರಿಗಳಲ್ಲಿ ಒಂದು ತಿಂಗಳು ಒದ್ದಾಡಿದೆವು. ಎರಡೂ ಸೇರಿ 160 ಆಂಪಿಯರ್-ಅವರ್. ಲೆಡ್-ಆಸಿಡ್ ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗುವುದು 80 ಆಂಪಿಯರ್-ಅವರ್, 12 ವೋಲ್ಟ್ ಲೆಕ್ಕದಲ್ಲಿ 960 ವ್ಯಾಟ್-ಅವರ್ ಅಷ್ಟೇ. ಅದಕ್ಕೆ ಅಗ್ಗದ ಮಾಡಿಫೈಡ್ ಸೈನ್ ವೇವ್ ಇನ್ವರ್ಟರ್ ಬೇರೆ. ಕಂಪ್ಯೂಟರಿನ ಪವರ್ ಸಪ್ಲೈ ದುಂಬಿ ಕೂತ ಹಾಗೆ ಗುಂಯ್‌ಗುಡುತ್ತಿತ್ತು, ರೆಂಡರ್ ಶುರುವಾದ ಕೂಡಲೇ ಮಿಷನ್ ರೀಸ್ಟಾರ್ಟ್ ಆಗುತ್ತಿತ್ತು. ಈಗಿನ ಪವರ್ ಸಪ್ಲೈಗಳಲ್ಲಿರುವ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವುದನ್ನು ವೋಲ್ಟೇಜ್ ಅಲೆಗೆ ಹೊಂದಿಸುವ) ಸರ್ಕ್ಯೂಟಿಗೆ ಆ ಅಗ್ಗದ ಇನ್ವರ್ಟರ್‌ನ ಮೆಟ್ಟಿಲು ಮೆಟ್ಟಿಲಾದ ಅಲೆ ಹಿಡಿಸುವುದಿಲ್ಲ. ಡೆಸ್ಕ್‌ಟಾಪ್ ಓಡಿಸುವವರು ಇನ್ವರ್ಟರ್‌ನಲ್ಲಿ ದುಡ್ಡು ಉಳಿಸಲು ಹೋಗಲೇಬೇಡಿ. ಪ್ಯೂರ್ ಸೈನ್ ವೇವ್ ಬಂದ ದಿನವೇ ಆ ಸದ್ದು ನಿಂತಿತು.

ಹಿರಿಯೂರಿನ ನಮ್ಮ ಮನೆಯಲ್ಲಿ ಯುಪಿಎಸ್‌ಗೆ ಒಂದು 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಇತ್ತು. ಬ್ಯಾಟರಿ ಮೇಲಿನ ತೇಲುಬಿರಡೆಯ ಕೆಂಪು ಗುರುತು ಇಳಿದಿದೆಯಾ ಅಂತ ಅಪ್ಪ ಪ್ರತಿ ಭಾನುವಾರ ಬಗ್ಗಿ ನೋಡಿ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದರು. ಕರೆಂಟು ಹೋದಾಗ ಅಮ್ಮ ಮರೆತು ಮಿಕ್ಸಿ ಹಾಕಿದರೆ ಅದು ಕೀಂಯ್ ಎಂದು ಕೂಗಿಕೊಳ್ಳುತ್ತಿತ್ತು. ಯಾವುದು ಎಷ್ಟು ಎಳೆಯುತ್ತದೆ ಅನ್ನುವ ಅಂದಾಜು ನಮಗೆ ಚಿಕ್ಕಂದಿನಿಂದಲೇ ಇದೆ ಅಂದುಕೊಂಡಿದ್ದೆ. ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ತಂದು ಅಳೆದಾಗ ನನ್ನ ಅಂದಾಜೆಲ್ಲ ತಪ್ಪು ಅಂತ ಗೊತ್ತಾಯಿತು.

ಹಳೆಯ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಇದ್ದ ನನ್ನ ಕಂಪ್ಯೂಟರ್ ರೆಂಡರ್ ಮಾಡುವಾಗ 430 ವ್ಯಾಟ್ ತಿನ್ನುತ್ತಿತ್ತು. ಅದು ಗೊತ್ತಿದ್ದದ್ದೇ. ನಾನು ಬೆಚ್ಚಿದ್ದು ಸುಮ್ಮನೆ ಕೂತಾಗಲೂ 95 ವ್ಯಾಟ್ ಎಳೆಯುವುದನ್ನು ನೋಡಿ. ನನ್ನ ಕೆಲಸದಲ್ಲಿ ರೆಂಡರ್ ದಿನಕ್ಕೆ ಒಂದೆರಡು ಗಂಟೆ. ಮಿಕ್ಕ ಆರು ಗಂಟೆ ಮೌಸ್ ಆಡಿಸುವುದು, ಫೋನಿನಲ್ಲಿ ಮಾತಾಡುವುದು, ಯೋಚಿಸುವುದು. ಬ್ಯಾಟರಿ ಬರಿದಾಗುತ್ತಿದ್ದದ್ದು ಆ ಹೊತ್ತಿನಲ್ಲಿ. ಆದ್ದರಿಂದ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಕಂಪ್ಯೂಟರಿಗೆ ಹಾಕಿದೆ, ಈ ಹದಿನೇಳು ತಿಂಗಳಲ್ಲಿ ನಾನು ಮಾಡಿದ ಅತ್ಯುತ್ತಮ ನಿರ್ಧಾರ ಅದೇ. 3080 ಮಾರಿ ಆರ್‌ಟಿಎಕ್ಸ್ 4070 ತಂದೆ. ಎರಡರ ಕಸುವು ಹೆಚ್ಚುಕಡಿಮೆ ಸಮ, ಆದರೆ ಹಳೆಯದರ ಮಿತಿ 320 ವ್ಯಾಟ್, ಹೊಸದರದು 200. ಅದನ್ನೂ ಸಾಫ್ಟ್‌ವೇರ್‌ನಲ್ಲಿ ಶೇ. 70ಕ್ಕೆ ಬಿಗಿದೆ. ಪ್ರೊಸೆಸರನ್ನು ಕಡಿಮೆ ವಿದ್ಯುತ್ತಿನ ಈಕೋ ಮೋಡ್‌ಗೆ ಹಾಕಿದೆ. 850 ವ್ಯಾಟ್‌ನ ಪವರ್ ಸಪ್ಲೈ ತೆಗೆದು 550 ವ್ಯಾಟ್‌ನದು ಕೂರಿಸಿದೆ, ಯಾಕೆಂದರೆ ದೊಡ್ಡ ಪವರ್ ಸಪ್ಲೈಗಳು ಅಲ್ಪ ಹೊರೆಯಲ್ಲಿ ಹೆಚ್ಚು ಪೋಲು ಮಾಡುತ್ತವೆ. ಈಗ ಸುಮ್ಮನಿದ್ದಾಗ 58 ವ್ಯಾಟ್, ರೆಂಡರ್‌ನಲ್ಲಿ 245. ಮುಂಚೆ 40 ನಿಮಿಷ ಹಿಡಿಯುತ್ತಿದ್ದ ಚಿತ್ರಕ್ಕೆ ಈಗ 42 ನಿಮಿಷ. ಆ ಎರಡು ನಿಮಿಷ ಕೊಟ್ಟು ಒಂದು ಚಿತ್ರದ ಖರ್ಚನ್ನು 287 ವ್ಯಾಟ್-ಅವರ್‌ನಿಂದ 171ಕ್ಕೆ ಇಳಿಸಿಕೊಂಡಿದ್ದೇನೆ.

ಇನ್ವರ್ಟರ್‌ನದು ಇನ್ನೊಂದು ಗುಟ್ಟಿನ ಖರ್ಚು. ಅದಕ್ಕೆ ಏನೂ ಸಿಕ್ಕಿಸದಿದ್ದರೂ, ಆನ್ ಇದ್ದರೆ ಸಾಕು, ನಮ್ಮದು 18 ವ್ಯಾಟ್ ಎಳೆಯುತ್ತದೆ. ದಿನಪೂರ್ತಿ ಬಿಟ್ಟರೆ 432 ವ್ಯಾಟ್-ಅವರ್. ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಮಲಗಿದರೆ ಕಂಪ್ಯೂಟರ್ ನಿದ್ದೆ ಮಾಡುತ್ತದೆ, ಇನ್ವರ್ಟರ್ ಎದ್ದೇ ಇರುತ್ತದೆ. ಈಗ ಅದರ ರಿಮೋಟ್ ಸ್ವಿಚ್ ಹಾಸಿಗೆಯ ತಲೆದೆಸೆಯಲ್ಲಿದೆ. ದೀಪ ಆರಿಸಿದ ಹಾಗೆ ಅದನ್ನೂ ಆರಿಸಿ ಮಲಗುತ್ತೇವೆ. ಇಂಟರ್ನೆಟ್‌ಗೆ ಮೊದಲು ಸ್ಟಾರ್‌ಲಿಂಕ್ ಉಪಗ್ರಹ ಸೇವೆಯ ದೊಡ್ಡ ಡಿಶ್ ಇತ್ತು. 2024ರಲ್ಲಿ ಮಿನಿ ಬಂದ ಮೇಲೆ ಬದಲಾಯಿಸಿದೆವು. ಅದನ್ನು ಇನ್ವರ್ಟರ್ ಇಲ್ಲದೆ ನೇರ 12 ವೋಲ್ಟ್‌ನಿಂದಲೇ ಓಡಿಸಬಹುದು, ಸುಮಾರು 30 ವ್ಯಾಟ್‌ನಲ್ಲಿ ಕೆಲಸ ಮುಗಿಯುತ್ತದೆ.

ಬಿಸಿಲಿನ ವಿಷಯಕ್ಕೆ ಬರುತ್ತೇನೆ. ಮರುಭೂಮಿ ಅಂದ ಮೇಲೆ ಬಿಸಿಲಿಗೇನು ಬರ ಎಂದು ನಾವೂ ಅಂದುಕೊಂಡಿದ್ದೆವು. ಜೂನ್‌ನಲ್ಲಿ ಆ ಮಾತು ನಿಜ, 600 ವ್ಯಾಟ್ ಪ್ಯಾನೆಲ್‌ಗಳಿಂದ ದಿನಕ್ಕೆ 3 ಯೂನಿಟ್ (3000 ವ್ಯಾಟ್-ಅವರ್) ದಾಟುತ್ತದೆ. ಆದರೆ ಕ್ವಾರ್ಟ್ಸೈಟ್‌ಗೆ ಜನ ಹೋಗುವುದು ಚಳಿಗಾಲದಲ್ಲಿ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಜಾರಿ ಬಗ್ಗಿಕೊಂಡೇ ನಡೆಯುತ್ತಾನೆ. ಚಾವಣಿ ಮೇಲೆ ಅಂಗಾತ ಮಲಗಿದ ಪ್ಯಾನೆಲ್‌ಗಳಿಗೆ ಬಿಸಿಲು ಸವರಿಕೊಂಡು ಹೋಗುತ್ತದೆ, ಅಷ್ಟೇ. ಮೋಡವಿಲ್ಲದ ದಿನವೂ ನಮಗೆ ಸಿಕ್ಕಿದ್ದು 1.4 ರಿಂದ 1.5 ಯೂನಿಟ್. ನಮ್ಮ ದಿನದ ಖರ್ಚು 1.8. ಮೊದಲ ಚಳಿಗಾಲವಿಡೀ ಆ ಕೊರತೆಯನ್ನು ಜನರೇಟರ್ ಹಾಕಿ ತುಂಬಿಸಿದೆವು. ನನಗೆ ಅದು ಸ್ವಲ್ಪವೂ ಇಷ್ಟವಾಗಲಿಲ್ಲ, ಪಕ್ಕದವರಿಗೂ ಆಗಿರಲಾರದು. ಎರಡನೇ ಚಳಿಗಾಲಕ್ಕೆ ಪ್ಯಾನೆಲ್‌ಗಳ ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಎತ್ತುವ ಕಾಲು ಹಾಕಿಸಿ, ಗಾಡಿಯ ಬಲಮಗ್ಗುಲು ದಕ್ಷಿಣಕ್ಕೆ ಬರುವಂತೆ ನಿಲ್ಲಿಸತೊಡಗಿದೆವು. ಅದೇ ಪ್ಯಾನೆಲ್‌ಗಳು 2.3 ಯೂನಿಟ್ ಕೊಟ್ಟವು. ಗಾಳಿ ಜೋರಾದಾಗ ಏಣಿ ಹತ್ತಿ ಮಲಗಿಸಬೇಕು ಅನ್ನುವುದೊಂದೇ ಕಷ್ಟ. ರೆಂಡರ್‌ಗಳನ್ನು ಹನ್ನೊಂದರಿಂದ ಎರಡರ ಒಳಗೇ ಮುಗಿಸುತ್ತೇನೆ. ಗಾಳಿ ಬಂದಾಗ ತೂರಿಕೋ ಅನ್ನುವ ಮಾತು ಕಣದಲ್ಲಿ ಹೇಗೋ ಇಲ್ಲೂ ಹಾಗೇ. ಆಗ ಪ್ಯಾನೆಲ್‌ನಿಂದ ಬಂದದ್ದು ಬಹುಪಾಲು ನೇರ ಕಂಪ್ಯೂಟರಿಗೇ ಹೋಗುತ್ತದೆ, ಬ್ಯಾಟರಿ ಮುಟ್ಟುವುದು ಕಡಿಮೆ.

ಈಗ ನಮ್ಮನ್ನು ನಿಜಕ್ಕೂ ಹೆದರಿಸಿದ ದಿನ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಚೂಪು ಬಂಡೆಗಳು ಎದ್ದು ನಿಂತಿರುವ ಟ್ರೋನಾ ಪಿನಕಲ್ಸ್‌ಗೆ ಹೋಗುವ ಕೊನೆಯ ಐದು ಮೈಲಿ ಮಣ್ಣಿನ ರಸ್ತೆ, ಮೈಯೆಲ್ಲ ಅಲೆ ಅಲೆ. ಅಲ್ಲಿ ತಲುಪಿದ ಮರುದಿನ ಮಧ್ಯಾಹ್ನ ರೆಂಡರ್ ಅರ್ಧದಲ್ಲಿದ್ದಾಗ ಇನ್ವರ್ಟರ್ ಕೂಗಿತು, ಬ್ಯಾಟರಿ ವೋಲ್ಟೇಜ್ ಕಡಿಮೆ ಎಂದು. ಬ್ಯಾಟರಿ ಮಾನಿಟರ್ ನೋಡಿದರೆ ಶೇ. 88. ಮಾನಿಟರ್ ತಪ್ಪು ತೋರಿಸುತ್ತಿದೆ ಎಂದುಕೊಂಡೆ. ಆಗ ಸುಟ್ಟ ಪ್ಲಾಸ್ಟಿಕ್‌ನ ಸಣ್ಣ ವಾಸನೆ ಮೂಗಿಗೆ ಬಡಿಯಿತು. ಸೀಟಿನ ಹಲಗೆ ಎತ್ತಿ ಮಲ್ಟಿಮೀಟರ್ ಹಿಡಿದೆವು: ಬ್ಯಾಟರಿಯ ಟರ್ಮಿನಲ್‌ಗಳಲ್ಲಿ 13.0 ವೋಲ್ಟ್, ಇನ್ವರ್ಟರ್ ಬಾಯಲ್ಲಿ 11.1. ನಡುವೆ ಎಲ್ಲೋ ಸುಮಾರು ಎರಡು ವೋಲ್ಟ್ ಕಳೆದುಹೋಗುತ್ತಿತ್ತು. ಎಲ್ಲ ಆಫ್ ಮಾಡಿ ಪ್ರತಿ ಜೋಡಣೆಯ ಹತ್ತಿರ ಅಂಗೈ ಹಿಡಿಯುತ್ತಾ ಬಂದೆ. ಬಸ್‌ಬಾರ್‌ನ ಪಾಸಿಟಿವ್ ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಉಂಗುರ) ಹತ್ತಿರ ಒಲೆಯ ಮುಂದೆ ಹಿಡಿದ ಹಾಗೆ ಶಾಖ ಬಡಿಯಿತು. ತಾಮ್ರದ ಲಗ್ ಮಸುಕು ನೇರಳೆಗೆ ತಿರುಗಿತ್ತು, ಅದರ ಕುತ್ತಿಗೆಯ ಕೆಂಪು ಹೀಟ್ ಶ್ರಿಂಕ್ ಪ್ಲಾಸ್ಟಿಕ್ ಹೊದಿಕೆ ಕಂದಾಗಿ ಸುರುಟಿಕೊಂಡಿತ್ತು. ನಟ್ಟು ಬೆರಳಲ್ಲೇ ತಿರುಗಿತು.

ರಸ್ತೆಯ ಅದುರಿಗೆ ನಟ್ಟು ಸಡಿಲಾಗಿದೆ, ಸಂಪರ್ಕ ಕೆಟ್ಟಿದೆ, ಆ ಒಂದು ಬಿಂದುವಿನಲ್ಲೇ ಹತ್ತಿರ ಹತ್ತಿರ 50 ವ್ಯಾಟ್ ಶಾಖವಾಗಿ ಉರಿಯುತ್ತಿತ್ತು. ಫ್ಯೂಸ್ ಯಾಕೆ ಹೋಗಲಿಲ್ಲ ಎಂದು ಕೇಳಬಹುದು. ಕರೆಂಟ್ ಹೆಚ್ಚಾದರೆ ಫ್ಯೂಸ್ ಹೋಗುತ್ತದೆ. ಇಲ್ಲಿ ಹರಿಯುತ್ತಿದ್ದದ್ದು ಮಾಮೂಲಿ ಕರೆಂಟೇ. 12 ವೋಲ್ಟ್‌ನಲ್ಲಿ 245 ವ್ಯಾಟ್‌ನ ಕಂಪ್ಯೂಟರ್ ಕೂಡ ಇಪ್ಪತ್ತಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ ಅನ್ನುವುದನ್ನು ಮನೆಯ ಪ್ಲಗ್ ನೋಡಿ ಬೆಳೆದ ನಾವು ಮರೆಯುತ್ತೇವೆ. ಆ ಲಗ್ ಕತ್ತರಿಸಿ ಎಸೆದು ಹೈಡ್ರಾಲಿಕ್ ಕ್ರಿಂಪರ್‌ನಿಂದ ಹೊಸದು ಒತ್ತಿದೆವು, ಎಲ್ಲ ನಟ್ಟುಗಳಿಗೂ ಸ್ಪ್ರಿಂಗ್ ವಾಷರ್ ಹಾಕಿದೆವು. ಪ್ರತಿ ಮಣ್ಣಿನ ರಸ್ತೆ ಮುಗಿದ ಮೇಲೆ ಟಾರ್ಕ್ ವ್ರೆಂಚ್ ಹಿಡಿದು ಒಂದು ಸುತ್ತು ಬರುತ್ತೇನೆ. ಹತ್ತು ನಿಮಿಷದ ಕೆಲಸ. ಬ್ಯಾಟರಿ ಪಕ್ಕದಲ್ಲಿ ಭಾರೀ ಕರೆಂಟನ್ನು ತಡೆಯುವ ಕ್ಲಾಸ್ ಟಿ ಫ್ಯೂಸ್ ಇದೆಯಲ್ಲ ಎಂದು ನೆಮ್ಮದಿಯಾಗಿ ಇದ್ದವರು ದಯವಿಟ್ಟು ಇದನ್ನೂ ನೋಡಿಕೊಳ್ಳಿ.

ಲಿಥಿಯಂ ಬ್ಯಾಟರಿಯ ಬಗ್ಗೆ ನನ್ನ ಒಂದೇ ದೂರು ಚಳಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಮೈನಸ್ ಆರಕ್ಕೆ ಇಳಿದಿತ್ತು. ಬೆಳಿಗ್ಗೆ ಒಳ್ಳೆ ಬಿಸಿಲಿದೆ, ಪ್ಯಾನೆಲ್ ಎತ್ತಿ ನಿಂತಿದೆ, ಚಾರ್ಜ್ ಮಾತ್ರ ಸೊನ್ನೆ. ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ತನ್ನ ಕೆಲಸ ತಾನು ಮಾಡಿ ಚಾರ್ಜ್ ತಡೆದಿತ್ತು. ಹೊರಗಿನ ಕಂಪಾರ್ಟ್‌ಮೆಂಟ್‌ನಲ್ಲಿದ್ದ ಬ್ಯಾಟರಿ ಬೆಚ್ಚಗಾಗಲು ಮಧ್ಯಾಹ್ನವಾಯಿತು. ಮರುವಾರವೇ ಎರಡನ್ನೂ ಒಳಗೆ, ಊಟದ ಮೇಜಿನ ಸೀಟಿನ ಕೆಳಗೆ ಇನ್ವರ್ಟರ್ ಪಕ್ಕಕ್ಕೆ ತಂದೆವು. ಲಿಥಿಯಂ ಆದ್ದರಿಂದ ಎತ್ತಲಾಯಿತು. ಇಷ್ಟೇ ಸಾಮರ್ಥ್ಯದ ಲೆಡ್-ಆಸಿಡ್ ಆಗಿದ್ದರೆ ಎರಡು ಪಟ್ಟಿಗಿಂತ ಹೆಚ್ಚು ತೂಕ.

ಕಂಪ್ಯೂಟರ್ ಪೆಟ್ಟಿಗೆಯನ್ನು ಪಯಣದಲ್ಲಿ ಮಗ್ಗುಲಾಗಿ ಮಲಗಿಸಿ ಬೆಲ್ಟ್ ಬಿಗಿಯುತ್ತೇವೆ, ಗ್ರಾಫಿಕ್ಸ್ ಕಾರ್ಡ್ ನೆಟ್ಟಗೆ ನಿಲ್ಲುವಂತೆ. ಅಡ್ಡ ಜೋತುಬಿದ್ದು ಕುಲುಕಿದರೆ ಸ್ಲಾಟ್ ಮುರಿಯುವ ಭಯ. ತಿರುಗುವ ಹಾರ್ಡ್ ಡಿಸ್ಕ್ ಒಂದೂ ಇಟ್ಟುಕೊಂಡಿಲ್ಲ. ಲಾ ಪೋಸಾದ ಧೂಳು ಗೋಪಿಚಂದನದಷ್ಟು ನಯ. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಲೇಬೇಕು.

ಯಾರಿಗೆ ಇದು ಬೇಕು? ಬರೀ ಬ್ರೌಸರ್, ಕೋಡಿಂಗ್, ಮೀಟಿಂಗ್ ಇದ್ದವರಿಗೆ ಇಷ್ಟೆಲ್ಲ ಬೇಡ. ಒಂದು ಮಿನಿ ಪಿಸಿ, 100 ಆಂಪಿಯರ್-ಅವರ್‌ನ ಒಂದು ಲಿಥಿಯಂ, 200 ವ್ಯಾಟ್ ಪ್ಯಾನೆಲ್ ಸಾಕು. ನನ್ನಂಥ ಕೆಲಸದವರಿಗೆ ಈ ವ್ಯವಸ್ಥೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಹೋದದ್ದು ಬೇಸಿಗೆಗೆ. ಕೆಳಗಿನ ಮರುಭೂಮಿಯಲ್ಲಿ ಏಸಿ ಇಲ್ಲದೆ ಮನುಷ್ಯರೂ ಇರಲಾಗದು, 245 ವ್ಯಾಟ್‌ನ ಹೀಟರ್‌ನಂತಿರುವ ಕಂಪ್ಯೂಟರೂ ಓಡದು. ಏಸಿಗೆ ಈ ಬ್ಯಾಟರಿ ಮೂರ್ನಾಲ್ಕು ಗಂಟೆಗೆ ಮುಗಿದುಹೋಗುತ್ತದೆ. ಹಾಗಾಗಿ ಮೇ ಬಂತೆಂದರೆ ಅರಿಜೋನಾದಲ್ಲೇ ಏಳು ಸಾವಿರ ಅಡಿ ಎತ್ತರದ ಮೊಗೊಲಾನ್ ರಿಮ್‌ನ ಪೈನ್ ಕಾಡಿಗೆ ಹೋಗುತ್ತೇವೆ. ಅಲ್ಲಿ ತಂಪಿದೆ, ಆದರೆ ಪ್ಯಾನೆಲ್ ಮೇಲೆ ಮರದ ನೆರಳು. ಅದಕ್ಕಾಗಿ ಮಡಚುವ 200 ವ್ಯಾಟ್‌ನ ಒಂದು ಪ್ಯಾನೆಲ್ ಮತ್ತು 30 ಅಡಿ ಕೇಬಲ್ ಈ ವಾರ ಬಂದಿದೆ. ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಪ್ಯಾನೆಲನ್ನು ಬಿಸಿಲಿಗೆ ಒಯ್ದು ಹರಡುವ ಯೋಚನೆ.