ಔಷಧಿ ಪಂಪಿನ ರಿಪೇರಿಗೆ ಕುರುವಳ್ಳಿಯ ಅಂಗಡಿ

ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ಪಂಪು ಕೈಕೊಟ್ಟರೆ ಏನಾಗುತ್ತದೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆರಿದ್ರಾ ಮಳೆಯ ನಡುವೆ ಸಿಕ್ಕಿದ ಎರಡು ದಿನದ ಹೊಳವಿನಲ್ಲಿ ನಮ್ಮ ಪಂಪಿನ ಒತ್ತಡ ಇಳಿದು, ಮರದ ಮೇಲಿದ್ದ ಕೊನೆಗಾರರ ಕೈಯಲ್ಲಿ ದ್ರಾವಣ ಬರಿದೇ ತೊಟ್ಟಿಕ್ಕತೊಡಗಿತು. ಆ ಪಂಪನ್ನು ಮಾರಿದವರು ಚಹಾ ಕುಡಿಸಿ, ‘ಒಂದು ಫೋನ್ ಮಾಡಿ ಅಣ್ಣ, ತೋಟಕ್ಕೇ ಬರ್ತೀವಿ’ ಎಂದಿದ್ದರು. ಅಂದು ನಾಲ್ಕು ಬಾರಿ ಫೋನ್ ಮಾಡಿದರೂ ಯಾರೂ ಬರಲಿಲ್ಲ.

ನೆರೆಮನೆಯವರ ಮಾತಿನಂತೆ ತೀರ್ಥಹಳ್ಳಿಯಿಂದ ತುಂಗಾ ಸೇತುವೆ ದಾಟಿ, ಕುರುವಳ್ಳಿಯಲ್ಲಿರುವ ಬೋರ್ಡೂ ಇಲ್ಲದ ಅಂಗಡಿಗೆ ಪಂಪನ್ನು ಒಯ್ದೆ. ಅಲ್ಲಿಯ ಯಜಮಾನರು ನಮಸ್ಕಾರಕ್ಕೂ ತಲೆಯೆತ್ತಲಿಲ್ಲ. ಬೇಸರವಾಗಿ ಮರಳಿಬಿಡಬೇಕೆಂದೂ ಅನ್ನಿಸಿತು. ಅವರು ಪಂಪನ್ನು ಬಿಚ್ಚಿ, ವಾಲ್ವಿನ ಕೆಳಗೆ ಗಟ್ಟಿಯಾಗಿ ಕೂತಿದ್ದ ಸುಣ್ಣವನ್ನು ಕೆರೆದು ನನ್ನ ಅಂಗೈಗೆ ಹಾಕಿದರು. ಸುಣ್ಣದ ನೀರನ್ನು ಸೋಸದೆ ಬೆರೆಸಿದ್ದು, ಕೆಲಸ ಮುಗಿದ ಮೇಲೆ ಪಂಪಿನಲ್ಲಿ ಬರಿಯ ನೀರು ಹಾಯಿಸದಿದ್ದುದು, ಈ ಎರಡು ತಪ್ಪೂ ನಮ್ಮವೇ ಎಂಬುದು ಅವರು ಬಾಯಿಬಿಡದೆಯೇ ನನಗೆ ತಿಳಿಯಿತು. ಹೊಸ ಪಂಪಿನ ಬೆಲೆ ಕೇಳಿದಾಗ ‘ಹೊಸದು ಬ್ಯಾಡ, ವಾಶರ್ ಹಾಕಿದ್ರೆ ಸಾಕು’ ಎಂದರು. ಮೂರು ವಾಶರ್, ಒಂದು ವಾಲ್ವ್, ಕೂಲಿ ಎಲ್ಲ ಸೇರಿ 450 ರೂಪಾಯಿ. ತೆಗೆದ ಹಳೆಯ ಭಾಗಗಳನ್ನು ಕಾಗದದಲ್ಲಿ ಕಟ್ಟಿ ಕೈಗಿತ್ತರು.

100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಹಾಕಿ ಮಾಡಿದ ಬೋರ್ಡೋ ದ್ರಾವಣ, ಅಂದರೆ ನಾವು ಹೊಡೆಯುವ ಕೊಳೆ ಔಷಧಿ, ನೋಡಲು ಯಾವಾಗಲೂ ಚೆಂದದ ನೀಲಿಯೇ. ನಮ್ಮಜ್ಜ ಆ ಬಣ್ಣವನ್ನು ನಂಬದೆ, ಬೆಳಗಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸುತ್ತಿದ್ದರು. ಇದನ್ನು ನೋಡುತ್ತಲೇ ಬೆಳೆದ ನಾನು ಪಂಪು ಕೊಳ್ಳುವಾಗ ಮಾತ್ರ ಮಾರುವವರ ಬಣ್ಣಕ್ಕೇ ಮರುಳಾಗಿದ್ದೆ.

ಆಶ್ಲೇಷಾ ಮಳೆಯಲ್ಲಿ ಎರಡನೆಯ ಸಲ ಔಷಧಿ ಹೊಡೆಯುವಾಗ ಪಂಪು ಮತ್ತೆ ಸೋರಿತು. ಯಜಮಾನರು ಬಿಚ್ಚಿ ನೋಡಿ, ‘ನಾನೇ ಅಳತೆ ತಪ್ಪಿ ಹಾಕೀನಿ’ ಎಂದು ಹೇಳಿ, ವಾಶರ್ ಬದಲಿಸಿ, ನಾನು ಚಾಚಿದ ನೋಟನ್ನು ಹಿಂದಕ್ಕೆ ತಳ್ಳಿದರು. ಸುತ್ತ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರೆದುರು ಹಾಗೆ ಒಪ್ಪಿಕೊಳ್ಳುವ ಅಗತ್ಯ ಯಜಮಾನರಿಗೇನೂ ಇರಲಿಲ್ಲ.

ಕೊರತೆಗಳೂ ಇವೆ. ಮಳೆಗಾಲದಲ್ಲಿ ಫೋನ್ ಎತ್ತುವುದಿಲ್ಲ, ರಸೀದಿ ಕೊಡುವುದಿಲ್ಲ, ಯಾವಾಗ ಸಿಗುತ್ತದೆಂದು ಕೇಳಿದರೆ ‘ನೋಡುವ’ ಎಂಬುದಷ್ಟೇ ಉತ್ತರ. ಆದ್ದರಿಂದ ಪಂಪನ್ನು ತೊಳೆದು, ರೋಹಿಣಿ ಮಳೆಗೆ ಮೊದಲೇ ಒಯ್ಯುವುದು ಒಳ್ಳೆಯದು. ನಮ್ಮ ಕಳೆ ಹೊಡೆಯುವ ಯಂತ್ರವೂ ಈಗ ಅಲ್ಲಿಯೇ ಇದೆ.