ಎಎಚ್‌ಯು ಬ್ಲೋವರಿಗೆ ಕಚ್ಚಿನ ಬೆಲ್ಟ್ (ಬಿಎಕ್ಸ್-74): ಎರಡು ವರ್ಷ ಓಡಿದ ಮೇಲೆ

ಎಎಚ್‌ಯು ಅಂದರೆ ಗಾಳಿಯನ್ನು ತಂಪಾಗಿಸಿ ಡಕ್ಟಿಗೆ ದೂಡುವ ಎಸಿ ಯೂನಿಟ್. ಬೆಲ್ಟ್ ಹಾಕಿದ್ದು ಅದರ ಬ್ಲೋವರ್ ತಿರುಗಿಸುವ 7.5 ಎಚ್‌ಪಿ, 1440 ಆರ್‌ಪಿಎಂ ಮೋಟರಿಗೆ. ಮೋಟರ್ ಪುಲ್ಲಿ 150 ಮಿ.ಮೀ., ಬ್ಲೋವರ್ ಪುಲ್ಲಿ 300, ಎರಡೆರಡು ಗ್ರೂವ್. ಮೊದಲಿದ್ದದ್ದು ಬಟ್ಟೆ ಸುತ್ತಿದ ಮಾಮೂಲಿ ಬಿ-74. ಬಿಎಕ್ಸ್‌ನ ಅಗಲವೂ ಅದೇ 17 ಮಿ.ಮೀ., ಹಾಗಾಗಿ ಪುಲ್ಲಿ ಬದಲಿಸಬೇಕಿಲ್ಲ. ಒಳಮೈಯ ಕಚ್ಚು ನೋಡಿ ಇದನ್ನು ಟೈಮಿಂಗ್ ಬೆಲ್ಟ್ (ಪುಲ್ಲಿಯ ಹಲ್ಲಿಗೆ ಹಲ್ಲು ಕೂರುವಂಥದ್ದು) ಅಂದುಕೊಳ್ಳುವವರಿದ್ದಾರೆ, ಅಲ್ಲ. ಹಿಡಿತವೆಲ್ಲ ಪಕ್ಕಗಳಲ್ಲೇ. ಕಚ್ಚು ಇರುವುದು ಸಲೀಸಾಗಿ ಬಾಗಲಿ, ಬಿಸಿ ಕಡಿಮೆಯಾಗಲಿ ಎಂದು.

ಬೆಲ್ಟ್ ಒಳ್ಳೆಯದೇ. ಆದರೆ ಹಳೆಯದು ಸಹಿಸಿಕೊಳ್ಳುತ್ತಿದ್ದ ತಪ್ಪುಗಳನ್ನು ಇದು ಸಹಿಸುವುದಿಲ್ಲ. ಪಕ್ಕಕ್ಕೆ ಬಟ್ಟೆಯ ಹೊದಿಕೆ ಇಲ್ಲದ್ದರಿಂದ ಪುಲ್ಲಿ ತುಸು ಓರೆಯಾದರೂ ಉಜ್ಜಿ ಕರಿ ಪುಡಿ ಉದುರುತ್ತದೆ. ಗಾಳಿ ತಂಪಾಗಿಸುವ ಕಾಯಿಲ್ ಆದಮೇಲೆ ಬ್ಲೋವರ್ ಇರುವ ಯೂನಿಟ್ಟಿನಲ್ಲಿ ಆ ಪುಡಿ ಸೀದಾ ಸಪ್ಲೈ ಡಕ್ಟಿಗೆ ಹೋಗುತ್ತದೆ. ಫಿಲ್ಟರ್ ಆಗಲೇ ಹಿಂದೆ ಉಳಿದಿರುತ್ತದೆ. ಬೆಲ್ಟ್ ಕೆಳಗಿನ ತಗಡಿನ ಮೇಲೆ ಬೆರಳಾಡಿಸಿದರೆ ಸಾಕು, ಅಲೈನ್‌ಮೆಂಟ್ ಹೇಗಿದೆ ಎಂದು ಗೊತ್ತಾಗುತ್ತದೆ. ಎರಡೂ ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿದಾಗ ನಾಲ್ಕು ಕಡೆ ತಾಗಬೇಕು. ಅರ್ಧ ಡಿಗ್ರಿ ಓರೆ ನಡೆಯುತ್ತದೆ ಎನ್ನುತ್ತಾರೆ, ಅಂದರೆ 600 ಮಿ.ಮೀ. ಅಂತರಕ್ಕೆ ಸುಮಾರು 5 ಮಿ.ಮೀ. ಇಲ್ಲಿ ಪುಡಿ ನಿಂತದ್ದು 2 ಮಿ.ಮೀ. ಒಳಗೆ ತಂದ ಮೇಲೆ.

ಟೆನ್ಷನ್: ಪುಲ್ಲಿಗಳ ನಡುವಿನ ಬೆಲ್ಟಿನ ಉದ್ದದಲ್ಲಿ ಪ್ರತಿ 100 ಮಿ.ಮೀ.ಗೆ 1.6 ಮಿ.ಮೀ. ತಗ್ಗಬೇಕು ಎಂಬುದು ಲೆಕ್ಕ. ಇಲ್ಲಿ ನಟ್ಟನಡುವೆ ಒತ್ತಿದಾಗ 9ರಿಂದ 10 ಮಿ.ಮೀ. ತಗ್ಗಬೇಕು. ಅಷ್ಟು ತಗ್ಗಲು ಬೇಕಾದ ಬಲ ಕಂಪನಿಯ ಪಟ್ಟಿಯಲ್ಲಿರುತ್ತದೆ. ಸ್ಪ್ರಿಂಗ್ ತಕ್ಕಡಿಯಲ್ಲಿ ನೋಡಿ, ಹೆಬ್ಬೆರಳ ಅಂದಾಜು ಬೇಡ. ಹೊಸ ಬೆಲ್ಟ್ 24 ಗಂಟೆ ಓಡಿದ ಮೇಲೆ ಗ್ರೂವಿನಲ್ಲಿ ಕೂತು ಲೂಸಾಗುತ್ತದೆ, ಆಗ ಮತ್ತೊಮ್ಮೆ ಬಿಗಿಯಬೇಕು. ಇದನ್ನು ತಪ್ಪಿಸಲು ಮೊದಲ ದಿನವೇ ಟಣ್ ಅನ್ನುವಷ್ಟು ಬಿಗಿದರೆ ಬೆಲ್ಟಿಗಿಂತ ಮೊದಲು ಬೇರಿಂಗ್ ಹೋಗುತ್ತದೆ.

ಹಾಕುವಾಗ ಮೋಟರನ್ನು ರೈಲಿನ ಮೇಲೆ ಒಳಕ್ಕೆ ಸರಿಸಿಯೇ ಹಾಕಿ. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಬೆಲ್ಟಿಗೆ ಬಲ ಕೊಡುವ ಒಳಗಿನ ದಾರ ಕಡಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೆಲವು ವಾರದ ನಂತರ ಬೆಲ್ಟ್ ಗ್ರೂವಿನಲ್ಲೇ ಮಗುಚಿಕೊಳ್ಳುತ್ತದೆ. ಐಸೊಲೇಟರಿಗೆ (ಮೋಟರಿನ ಕರೆಂಟ್ ಕಡಿಯುವ ಸ್ವಿಚ್ಚಿಗೆ) ಬೀಗ ಹಾಕಿದ್ದರೂ ಪಕ್ಕದ ಯೂನಿಟ್ಟಿನ ಗಾಳಿ ಕಾಮನ್ ಡಕ್ಟಿನಿಂದ ಹಿಂದಕ್ಕೆ ಬಂದು ಬ್ಲೋವರ್ ತಿರುಗಬಹುದು, ಬೆರಳು ಜೋಪಾನ. ಗ್ರೂವಿನ ತಳ ಹೊಳೆಯುತ್ತಿದ್ದರೆ ಬೆಲ್ಟ್ ತಳ ಮುಟ್ಟುತ್ತಿದೆ ಎಂದರ್ಥ. ಅಂಥ ಪುಲ್ಲಿ ಇಟ್ಟುಕೊಂಡು ಈ ಬೆಲ್ಟಿಗೆ ದುಡ್ಡು ಹಾಕುವುದು ದಂಡ.

ಈ ಬೆಲ್ಟ್ ಹಾಕಿದರೆ ಕರೆಂಟ್ ಉಳಿಯುತ್ತದೆ ಎಂಬ ಮಾತು ಅರ್ಧ ನಿಜ. ಸ್ಲಿಪ್ (ಬೆಲ್ಟ್ ಪುಲ್ಲಿಯ ಮೇಲೆ ಜಾರುವುದು) ಕಡಿಮೆಯಾಗುವುದರಿಂದ ಬ್ಲೋವರ್ ಸ್ವಲ್ಪ ಜೋರಾಗಿ ತಿರುಗುತ್ತದೆ. ವೇಗ 2% ಏರಿದರೆ ಪವರ್ ಸುಮಾರು 6% ಏರುತ್ತದೆ. ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ವಿಎಫ್‌ಡಿ ಇದ್ದು ಡಕ್ಟ್ ಪ್ರೆಶರ್ ಹಿಡಿದಿಟ್ಟರೆ ಮಾತ್ರ ಲಾಭ ಬಿಲ್ಲಿನಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಗಾಳಿ ಹೆಚ್ಚು, ಆಂಪ್ಸೂ ಹೆಚ್ಚು. ಬದಲಿಸಿದ ದಿನವೇ ಕ್ಲ್ಯಾಂಪ್ ಮೀಟರ್ ಹಾಕಿ ನೇಮ್‌ಪ್ಲೇಟ್ ಜತೆ ತಾಳೆ ನೋಡಿ.

5ಕ್ಕೆ 4. ಒಂದು ಕಳೆದದ್ದು ಬೆಲೆಗೆ, ಅದೂ ಎರಡೂ ಬೆಲ್ಟನ್ನು ಒಟ್ಟಿಗೇ, ಒಂದೇ ಕಂಪನಿಯದೇ ತರಬೇಕಾದ್ದರಿಂದ. ಹಳೆಯದೊಂದು ಹೊಸದೊಂದು ಹಾಕಿದರೆ ಭಾರವೆಲ್ಲ ಹೊಸದರ ಮೇಲೆಯೇ. ಸ್ಪೇರ್ ಜೋಡಿಯನ್ನು ಪ್ಲಾಂಟ್ ರೂಮಿನ ಮೊಳೆಗೆ ನೇತುಹಾಕಬೇಡಿ. ಮೊಳೆಯ ಜಾಗದಲ್ಲಿ ಮಡಿಕೆ ಬಿದ್ದ ಬೆಲ್ಟ್ ಮೊದಲ ದಿನದಿಂದಲೇ ಅದುರುತ್ತದೆ.